ನಿಮಗಿದು ಗೊತ್ತೇ? ಜಿಗಿಯುವ ಹುಡುಗನಿಗೆ ತಂಡದಲ್ಲಿ ಜಾಗ ಉಂಟೇ?

ಬ್ಯಾಸ್ಕೆಟ್‌ಬಾಲ್ ರಿಂಗಿನ ಎತ್ತರ ಸರಿಯಾಗಿ 10 ಅಡಿ. ಯಾಕೆ ಗೊತ್ತೇ? 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮಾಸ್ತರರು ಪೀಚ್ ಹಣ್ಣಿನ ಬುಟ್ಟಿಗಳಿಗೆ ಮೊಳೆ ಹೊಡೆದದ್ದು ಜಿಮ್‌ನ ಬಾಲ್ಕನಿಯ ಕಟಾಂಜನಕ್ಕೆ. ಆ ಕಟಾಂಜನ ಇದ್ದದ್ದು 10 ಅಡಿಯ ಮೇಲೆ. ಅದಕ್ಕಿಂತ ದೊಡ್ಡ ಲೆಕ್ಕಾಚಾರವೇನೂ ಇರಲಿಲ್ಲ. ಅಂದು ಬಿದ್ದ ಆ ಅಳತೆಯೇ ಇಂದಿಗೂ ಯಾರು ‘ಪ್ರತಿಭೆ’, ಯಾರು ಅಲ್ಲ ಎಂದು ಮೊದಲ ನೋಟಕ್ಕೆ ತೀರ್ಮಾನಿಸುತ್ತದೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ ತಂಡಗಳು 30. ಒಂದೊಂದರಲ್ಲಿ ಪೂರ್ಣ ಕರಾರಿನ ಆಟಗಾರರು 15. ಅಲ್ಲಿಗೆ ಇಡೀ ಲೋಕಕ್ಕೆ 450 ಕುರ್ಚಿ. ಇವುಗಳ ಜೊತೆಗೆ ತಂಡಕ್ಕೆ ಮೂರರಂತೆ ‘ಟೂ-ವೇ’ ಕರಾರುಗಳಿವೆ. ಅಂಥ ಆಟಗಾರ ಮುಖ್ಯ ತಂಡದ ಜೊತೆಗೂ ಇರಬೇಕು, ಕೆಳಗಿನ ಜಿ ಲೀಗಿನಲ್ಲೂ ಆಡಬೇಕು. ಒಂದು ಋತುವಿನಲ್ಲಿ ಎನ್‌ಬಿಎ ಪಂದ್ಯಗಳಿಗೆ ಅವನು ಹೆಚ್ಚೆಂದರೆ 50 ಸಲ ಸಜ್ಜಾಗಬಹುದು, ಪ್ಲೇ-ಆಫ್ ಆಡುವಂತಿಲ್ಲ. ಮನೆಗೆ ಕರೆದರು, ಆದರೆ ಪಂಕ್ತಿಯಲ್ಲಿ ಕೂರಿಸಲಿಲ್ಲ ಅನ್ನುವ ಹಾಗೆ.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್‌’ನಲ್ಲಿ ಹೆಸರು ಬಂದರೆ ಗೆದ್ದಂತೆಯೇ? ಇಲ್ಲ. ಎರಡು ಸುತ್ತು ಸೇರಿ ವರ್ಷಕ್ಕೆ ಸುಮಾರು 60 ಹೆಸರು ಕೂಗುತ್ತಾರೆ. ಮೊದಲ ಸುತ್ತಿನವರ ಸಂಬಳದ ಅಂಕಿ ನಿಯಮದಲ್ಲೇ ಇದೆ. ಎರಡನೇ ಸುತ್ತಿನವರಿಗೆ ಅಂಥ ಖಾತ್ರಿ ಇಲ್ಲ, ತಂಡ ಮನಸ್ಸು ಮಾಡಿದರೆ ಉಂಟು.

ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಷಿಕಾಗೋದಲ್ಲಿ ಸೇರಿಸಿ ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ. ಬೂಟಿಲ್ಲದ ಎತ್ತರ, ತೋಳು ಚಾಚಿದ ಅಗಲ, ನಿಂತಲ್ಲೇ ಕೈ ಎತ್ತಿದರೆ ಎಲ್ಲಿಯವರೆಗೆ ಮುಟ್ಟುತ್ತಾನೆ, ಅಂಕಣದ ಮುಕ್ಕಾಲು ಭಾಗ ಓಡಲು ಎಷ್ಟು ಸೆಕೆಂಡು. ಜಿಗಿತ ಅಳೆಯುವ ಸಾಧನ ನೋಡಲು ತಮಾಷೆಯಾಗಿದೆ: ಒಂದು ಉದ್ದ ಕಂಬ, ಅದರ ನೆತ್ತಿಯಲ್ಲಿ ಅರ್ಧರ್ಧ ಇಂಚಿಗೆ ಒಂದರಂತೆ ಪ್ಲಾಸ್ಟಿಕ್ ಪಟ್ಟಿಗಳು. ಹುಡುಗ ಜಿಗಿದು ಬೆರಳ ತುದಿಯಿಂದ ತಟ್ಟುತ್ತಾನೆ, ತಟ್ಟಿದ ಪಟ್ಟಿಗಳು ಪಕ್ಕಕ್ಕೆ ತಿರುಗಿಕೊಳ್ಳುತ್ತವೆ. ಅತಿ ಮೇಲೆ ತಿರುಗಿದ ಪಟ್ಟಿಯ ಎತ್ತರದಿಂದ ಅವನು ನಿಂತು ಮುಟ್ಟಿದ ಎತ್ತರ ಕಳೆದರೆ ಸಿಗುವುದೇ ಜಿಗಿತ. ಮೊದಲು ನಿಂತಲ್ಲಿಂದ, ಆಮೇಲೆ ಓಡಿ ಬಂದು. ನನ್ನ ಮಟ್ಟಿಗೆ ನಿಂತಲ್ಲಿಂದ ಜಿಗಿದದ್ದೇ ಹೆಚ್ಚು ಬೆಲೆಯ ಅಂಕಿ. ರಿಂಗಿನ ಕೆಳಗಿನ ನೂಕುನುಗ್ಗಲಲ್ಲಿ ಓಡಿ ಬರಲು ಜಾಗ ಕೊಡುವವರು ಯಾರು?

ಈಗ ಎರಡು ಹೆಸರು ಅಕ್ಕಪಕ್ಕ ಇಟ್ಟು ನೋಡಿ. 2013ರಲ್ಲಿ ಡಿ.ಜೆ. ಸ್ಟೀಫನ್ಸ್ ಎಂಬ ಹುಡುಗ ತಂಡಗಳ ಕಣ್ಣೆದುರು 46 ಇಂಚು ಜಿಗಿದ. ಸುಮಾರು ಮೂರೂಮುಕ್ಕಾಲು ಅಡಿ! ಡ್ರಾಫ್ಟ್‌ನಲ್ಲಿ ಅವನ ಹೆಸರನ್ನು ಯಾರೂ ಕರೆಯಲಿಲ್ಲ. ಮರುವರ್ಷ ಮಿಲ್ವಾಕೀ ತಂಡದಲ್ಲಿ ಬೆರಳೆಣಿಕೆಯ ಪಂದ್ಯ ಆಡಿ, ಆಮೇಲೆ ಬಹುಪಾಲು ಯುರೋಪಿನಲ್ಲಿ ಆಡಿದ. ಇನ್ನೊಬ್ಬ ಕೆವಿನ್ ಡ್ಯುರಾಂಟ್. 2007ರ ಪರೀಕ್ಷೆಯಲ್ಲಿ 185 ಪೌಂಡು, ಅಂದರೆ ಸುಮಾರು 84 ಕೆ.ಜಿ. ಭಾರವನ್ನು ಮಲಗಿ ಎತ್ತಬೇಕಿತ್ತು. ಅವನು ಒಂದು ಸಲವೂ ಎತ್ತಲಿಲ್ಲ. ಆದರೂ ಆ ವರ್ಷ ಎರಡನೆಯ ಹೆಸರು ಅವನದೇ, ಯಾಕೆಂದರೆ ಚೆಂಡು ಕೈಗೆ ಬಂದರೆ ಅವನನ್ನು ತಡೆಯುವವರಿರಲಿಲ್ಲ.

ಹಾಗಾದರೆ ಆಯ್ಕೆಗಾರ ಏನು ನೋಡುತ್ತಾನೆ? ಜಿಗಿತವನ್ನಲ್ಲ, ಜಿಗಿತದ ಹಿಂದುಮುಂದನ್ನು. ಹಸಿ ಹುಡುಗನ ಕೈಗೆ ರಿಂಗಿನ ಹತ್ತಿರ ಪಾಸ್ ಬಂತು ಅನ್ನಿ. ಅವನು ಚೆಂಡನ್ನು ಸೊಂಟದವರೆಗೆ ಇಳಿಸುತ್ತಾನೆ, ಮೊಣಕಾಲು ಮಡಚುತ್ತಾನೆ, ಆಮೇಲೆ ಜಿಗಿಯುತ್ತಾನೆ. ಅಷ್ಟರಲ್ಲಿ ಅವನ ಹೆಗಲಿನಷ್ಟೂ ಎತ್ತರವಿಲ್ಲದ ಗಾರ್ಡ್ ಒಬ್ಬ ಬಗ್ಗಿ ಚೆಂಡನ್ನು ತಟ್ಟಿಕೊಂಡು ಹೋಗಿರುತ್ತಾನೆ. ಪಳಗಿದವನು ಚೆಂಡನ್ನು ಗಲ್ಲದ ಕೆಳಗೆ ಇಳಿಸುವುದೇ ಇಲ್ಲ. ರಕ್ಷಣೆಯಲ್ಲೂ ಅದೇ ಕಥೆ. ಎದುರಾಳಿ ಚೆಂಡು ಹೊಡೆದಂತೆ ನಟಿಸಿದರೆ ಸಾಕು, ಹಸಿ ಹುಡುಗ ಗಾಳಿಯಲ್ಲಿರುತ್ತಾನೆ. ಎದುರಾಳಿ ಅವನು ಇಳಿಯುವವರೆಗೆ ಕಾದು, ಮೈಗೆ ಮೈ ತಾಗಿಸಿ ಫೌಲ್ ಪಡೆಯುತ್ತಾನೆ. ಎನ್‌ಬಿಎಯಲ್ಲಿ ಆರು ಫೌಲಿಗೆ ಆಟಗಾರ ಹೊರಗೆ, ನಮ್ಮಲ್ಲಿ ನಡೆಯುವ ಅಂತಾರಾಷ್ಟ್ರೀಯ ನಿಯಮದಲ್ಲಿ ಐದಕ್ಕೇ. ಮೂರಡಿ ಜಿಗಿಯುವವನು ಐದೇ ನಿಮಿಷದಲ್ಲಿ ಬೆಂಚಿಗೆ ಬಂದು ಕೂತರೆ ಆ ಮೂರಡಿ ಯಾರಿಗೆ ಬೇಕು?

ಇದು ಗೊತ್ತಿದ್ದೇ ಇರಬೇಕು, ಹೊಸಬರನ್ನು ನೋಡಲೆಂದೇ ನಡೆಸುವ ಎನ್‌ಬಿಎ ಬೇಸಿಗೆ ಲೀಗಿನಲ್ಲಿ ಆಟಗಾರ ಹೊರಗೆ ಹೋಗುವುದು 10ನೆಯ ಫೌಲಿಗೆ. ಪಂದ್ಯ ಮಾತ್ರ 40 ನಿಮಿಷ, ಮಾಮೂಲಿಗಿಂತ 8 ನಿಮಿಷ ಕಡಿಮೆ.

ನಮ್ಮ ಗಡಿನಾಡಿನ ಮಂಗಸೂಳಿ, ಕಾಗವಾಡ, ಉಗಾರದ ಕಡೆ ಕುಸ್ತಿ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಜಾತ್ರೆಯ ಕಣದಲ್ಲಿ ಜೋಡಿ ಹಚ್ಚುವ ಹಿರಿಯರು ಹುಡುಗನ ತೋಳು ಹಿಡಿದು ನೋಡುತ್ತಾರೆ ನಿಜ, ಆದರೆ ಆಮೇಲೆ ಕೇಳುವುದು ‘ಯಾವ ತಾಲೀಮು? ಯಾರ ಕೈಯಾಗ ತಯಾರಾದಿ?’ ಎಂದೇ. ಮೈ ಒಂದೇ ನೋಡಿ ಜೋಡಿ ಹಚ್ಚಿದರೆ ಕುಸ್ತಿ ಅರೆಗಳಿಗೆಯಲ್ಲಿ ಮುಗಿಯುತ್ತದೆ, ನೋಡಲು ಬಂದ ಮಂದಿ ಬೈಯುತ್ತಾರೆ.

ಬೇರೆ ಆಟದಿಂದ ಬಂದ ಕಾಲು ಬ್ಯಾಸ್ಕೆಟ್‌ಬಾಲಿನಲ್ಲಿ ಚಿನ್ನವಾಗಬಹುದು. ಹಕೀಮ್ ಒಲಾಜುವಾನ್ ನೈಜೀರಿಯಾದ ಲಾಗೋಸಿನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದವನು. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು 15ರ ಆಸುಪಾಸಿನಲ್ಲಿ. 1984ರ ಡ್ರಾಫ್ಟ್‌ನಲ್ಲಿ ಅವನು ಮೊದಲನೆಯವ, ಮೈಕೆಲ್ ಜೋರ್ಡಾನ್ ಮೂರನೆಯವ! ಕ್ಯಾಮರೂನಿನ ಜೋಯೆಲ್ ಎಂಬೀಡ್ ಕೂಡ ಹದಿಹರೆಯದ ನಡುವೆ ಈ ಆಟಕ್ಕೆ ಬಂದವನೇ. 2014ರಲ್ಲಿ ಮೂರನೆಯವನಾಗಿ ಆಯ್ಕೆಯಾದ, ಪಾದದ ಗಾಯದಿಂದ ಮೊದಲ ಎರಡು ಋತು ಒಂದು ಪಂದ್ಯವನ್ನೂ ಆಡಲಿಲ್ಲ, 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ.

ಎಲ್ಲವೂ ಬರಬೇಕಿಲ್ಲ, ತಂಡಕ್ಕೆ ಇವತ್ತೇ ಬೇಕಾದ ಒಂದು ಕೆಲಸ ಬಂದರೆ ಸಾಕು. ಡೆನ್ನಿಸ್ ರಾಡ್‌ಮನ್ ಹೈಸ್ಕೂಲು ಮುಗಿಸಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ರಾತ್ರಿಪಾಳಿ ಕಸ ಗುಡಿಸುತ್ತಿದ್ದ. ಆ ವಯಸ್ಸಿನಲ್ಲಿ ಸರ್ರನೆ ಬೆಳೆದ. 1986ರಲ್ಲಿ 27ನೆಯ ಆಯ್ಕೆ. ಅಂಕ ಗಳಿಸುವುದು ಅವನ ಕೆಲಸವೇ ಅಲ್ಲ. ಗುರಿ ತಪ್ಪಿದ ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಲೆಕ್ಕ ಹಾಕಿ ಕೂತ, 1992ರಿಂದ 98ರವರೆಗೆ ಸತತ ಏಳು ಋತು ರಿಬೌಂಡಿನಲ್ಲಿ ಲೀಗಿಗೇ ಮೊದಲಿಗ. ಬೆನ್ ವಾಲೇಸ್ 1996ರಲ್ಲಿ ಡ್ರಾಫ್ಟ್ ಆಗಲೇ ಇಲ್ಲ. ಮುಂದೆ ನಾಲ್ಕು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ, 2021ರಲ್ಲಿ ಹಾಲ್ ಆಫ್ ಫೇಮ್.

ಹಸಿ ಹುಡುಗ ನಾಳೆ ದೂರದಿಂದ ಗುರಿ ಹೊಡೆಯಬಲ್ಲನೇ ಎಂದು ತಿಳಿಯಲು ಜಾಣರು ನೋಡುವುದು ಅವನ ಮೂರಂಕದ ಹೊಡೆತವನ್ನಲ್ಲ, ಫ್ರೀ ಥ್ರೋವನ್ನು. 4.6 ಮೀಟರು ದೂರ, ಅಡ್ಡ ಯಾರೂ ಇಲ್ಲ, ಉಸಿರು ಸರಿಮಾಡಿಕೊಳ್ಳಲು ಸಮಯವಿದೆ. ಅಲ್ಲಿ ಮಣಿಕಟ್ಟು ಸರಿ ಇದ್ದರೆ ಉಳಿದದ್ದನ್ನು ಕಲಿಸಬಹುದು. ಕವಾಯ್ ಲೆನರ್ಡ್ ಕಾಲೇಜಿನಲ್ಲಿ ಮೂರಂಕದ ಹೊಡೆತದಲ್ಲಿ ಶೇ. 30ನ್ನೂ ಮುಟ್ಟಿರಲಿಲ್ಲ, ಫ್ರೀ ಥ್ರೋ ಶೇ. 70ರ ಮೇಲಿತ್ತು. 2011ರಲ್ಲಿ 15ನೆಯ ಆಯ್ಕೆಯಾಗಿ ಸ್ಯಾನ್ ಆಂಟೋನಿಯೋ ತಂಡಕ್ಕೆ ಬಂದ, ಚಿಪ್ ಎಂಗೆಲ್ಲಂಡ್ ಎಂಬ ತರಬೇತುದಾರರು ಅವನ ಕೈ ತಿದ್ದಿದರು. 2014ರ ಫೈನಲ್ಸ್‌ನ ಶ್ರೇಷ್ಠ ಆಟಗಾರ ಅವನೇ.

ವಯಸ್ಸನ್ನು ಮರೆಯಬೇಡಿ. ಗ್ರೀಸಿನ ಎರಡನೇ ದರ್ಜೆಯ ಲೀಗಿನಿಂದ ಬಂದ ಯಾನಿಸ್ ಆಂಟೆಟೊಕೌಂಪೊ 2013ರಲ್ಲಿ 18 ವರ್ಷದವನು, ಮೊದಲ ಋತುವಿನ ಸರಾಸರಿ ಪಂದ್ಯಕ್ಕೆ ಬರೀ 6.8 ಅಂಕ. 2021ರಲ್ಲಿ ತಂಡಕ್ಕೆ ಕಪ್ ತಂದುಕೊಟ್ಟ. 18ರಲ್ಲಿ ಹಸಿಯಾಗಿದ್ದರೆ ಕಾಯಬಹುದು. 24ರಲ್ಲೂ ಅಷ್ಟೇ ಹಸಿಯಾಗಿದ್ದರೆ, ಕ್ಷಮಿಸಿ, ಅದು ಇನ್ನು ಹಣ್ಣಾಗುವ ಕಾಯಿ ಅಲ್ಲ.

ನಮ್ಮ ದೇಶದ ಹುಡುಗರ ಕಥೆ? 2015ರ ಜೂನ್‌ನಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ 52ನೆಯ ಆಯ್ಕೆಯಾಗಿ ಡಲ್ಲಾಸ್ ಪಾಲಾದರು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಎತ್ತರ 7 ಅಡಿ 2 ಇಂಚು, ವಯಸ್ಸು 19. ಆದರೆ ಎನ್‌ಬಿಎ ಋತುವಿನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಕೆಳಗಿನ ಲೀಗಿನ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಆಡಿ, ಮುಂದೆ ಟಿವಿಯ ಮನರಂಜನಾ ಕುಸ್ತಿಗೆ ಇಳಿದರು. ಅವರು ಡ್ರಾಫ್ಟ್ ಆದ ಹೊತ್ತಿಗೇ ಎನ್‌ಬಿಎ ಬೃಹದ್ದೇಹಿಗಳನ್ನು ಬಿಟ್ಟು ಓಡುವ, ದೂರದಿಂದ ಹೊಡೆಯುವ ಆಟಗಾರರ ಕಡೆ ಹೊರಳುತ್ತಿತ್ತು. ಹುಡುಗನ ತಪ್ಪು ಅನ್ನುವುದಕ್ಕಿಂತ ಕಾಲದ ಜೊತೆ ಜೋಡಿ ಕೂಡಲಿಲ್ಲ ಅನ್ನಬೇಕು. ಪಂಜಾಬಿನವರೇ ಆದ ಪ್ರಿನ್ಸ್‌ಪಾಲ್ ಸಿಂಗ್ 2021ರ ಬೇಸಿಗೆ ಲೀಗ್ ಗೆದ್ದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದಲ್ಲಿದ್ದರು. ಅಲ್ಲಿಂದ ಮೇಲಿನ ಮೆಟ್ಟಿಲು ಸಿಗಲಿಲ್ಲ.

ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವುದೆಂದರೆ ಬಹುಕಾಲ ನೌಕರಿ ಎಂದೇ ಅರ್ಥ: ರೈಲ್ವೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನಮ್ಮ ಬೆಂಗಳೂರಿನ ವಿಜಯಾ ಬ್ಯಾಂಕ್. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಇಂಥ ನೌಕರಿ ತಂಡಗಳಲ್ಲಿ ಆಯ್ಕೆಗಾರನ ಪ್ರಶ್ನೆಯೂ ಬೇರೆ: ‘ಈ ಹುಡುಗ ಎಷ್ಟು ಬೆಳೆಯಬಹುದು’ ಎಂದಲ್ಲ, ‘ಈ ವರ್ಷದ ಟೂರ್ನಿಗೆ ಆಗ್ತಾನಾ’ ಎಂದು. ಹಸಿ ಪ್ರತಿಭೆಗೆ ಇದಕ್ಕಿಂತ ಕಠಿಣ ಜರಡಿ ಇಲ್ಲ. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಲೀಗು 2017ಕ್ಕೇ ಮುಗಿಯಿತು.

ನಮ್ಮ ಹೆಣ್ಣುಮಕ್ಕಳು ಅಂಕಣದಲ್ಲಿ ಒಂದು ಕೈ ಮೇಲು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಮಣಿಸಿ ಮೇಲಿನ ವಿಭಾಗಕ್ಕೇರಿತು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದವರೆಗೆ ಹೋದರು.

ಗಡಿನಾಡಿನ ‘ಪೋರ ಭಾಳ ಜಿಗೀತಾನರೀ’ ಅನ್ನಿಸಿಕೊಂಡವನಿಗೆ ಹತ್ತಿರದ ವೃತ್ತಿಪರ ಬಾಗಿಲು ಬ್ಯಾಸ್ಕೆಟ್‌ಬಾಲಿನದಲ್ಲ, ಕಬಡ್ಡಿಯದು. ಬೆಳಗಾವಿಗೆ ಅಂಟಿಕೊಂಡ ಚಂದಗಡ ತಾಲ್ಲೂಕಿನ ಹುಂದಳೇವಾಡಿಯ ಸಿದ್ಧಾರ್ಥ ದೇಸಾಯಿ 2018ರಲ್ಲಿ ಪ್ರೊ ಕಬಡ್ಡಿಗೆ ಹೊಸಬರು. ಯು ಮುಂಬಾ ತಂಡ ಕೊಟ್ಟದ್ದು 36.4 ಲಕ್ಷ ರೂಪಾಯಿ. ಮೊದಲ ಋತುವಿನಲ್ಲೇ 200ಕ್ಕೂ ಹೆಚ್ಚು ಅಂಕ ತಂದರು. ಮರುಹರಾಜಿನಲ್ಲಿ ತೆಲುಗು ಟೈಟನ್ಸ್ ಕೂಗಿದ್ದು 1.45 ಕೋಟಿ. ಮೈಕಟ್ಟು ನೋಡಿ ‘ಬಾಹುಬಲಿ’ ಎಂದು ಕರೆದರು. ಆದರೆ ಕಬಡ್ಡಿಯಲ್ಲಿ ಪುರುಷರ ದೇಹತೂಕ 85 ಕೆ.ಜಿ. ದಾಟುವಂತಿಲ್ಲ, ಒಂದು ರೇಡಿಗೆ ಸಿಗುವುದು 30 ಸೆಕೆಂಡು. ಬರೀ ಬಲದ ಲೆಕ್ಕ ಅಲ್ಲಿಯೂ ನಡೆಯುವುದಿಲ್ಲ.

ಒಂದು ತಂಡ ಬೇಡ ಎಂದ ಮಾತ್ರಕ್ಕೆ ಹುಡುಗನ ಕಥೆ ಮುಗಿಯಿತೇ? ಕಬಡ್ಡಿಯವರೇ ಆದ ಪವನ್ ಸೆಹ್ರಾವತ್ ಅವರನ್ನು ಕೇಳಿ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್‌ನಲ್ಲಿ ಕಣ್ಣುಬಿಟ್ಟ ಅವರು 2017ರಲ್ಲಿ ಗುಜರಾತ್ ತಂಡಕ್ಕೆ ಹೋದರು. ಅಲ್ಲಿ ಹೆಚ್ಚು ಅವಕಾಶ ಸಿಗಲಿಲ್ಲ. ಮರುವರ್ಷ ಬುಲ್ಸ್‌ಗೇ ವಾಪಸ್. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಬುಲ್ಸ್ 38-33ರಿಂದ ಗೆದ್ದಿತು, ಅದರಲ್ಲಿ 22 ಅಂಕ ಪವನ್ ಒಬ್ಬರವೇ. ಎದುರಿಗಿದ್ದದ್ದು ಗುಜರಾತ್.