ನೀರಾ: ಗುಣವೂ ಬೆಲೆಯೂ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಅಮ್ಮಸಂದ್ರದ ನಿಲ್ದಾಣವನ್ನು ಸಮೀಪಿಸುವಾಗ ಎರಡು ಪಾರ್ಶ್ವಗಳಲ್ಲಿಯೂ ತೆಂಗಿನ ತೋಟಗಳು ಕಣ್ಣಿಗೆ ಬೀಳುವುವು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ತೆಂಗೆಂದೊಡನೆ ನೆನಪಾಗುವುದು ಉಂಡೆ ಕೊಬ್ಬರಿ. ಆದರೆ ಅದೇ ಮರದ ಹೊಂಬಾಳೆಯಲ್ಲಿ, ಕಾಯಿ ಹುಟ್ಟುವುದಕ್ಕೆ ಮುಂಚೆಯೇ, ಒಂದು ಪಾನೀಯವೂ ಅಡಗಿರುವುದು. ಅದೇ ನೀರಾ. ಕೊಳ್ಳುವ ಗೃಹಸ್ಥರು ಅದರ ಗುಣವನ್ನು ಹೇಗೆ ಅರಿಯಬೇಕು, ಯಾವ ಬೆಲೆಯನ್ನು ನ್ಯಾಯವೆಂದು ಎಣಿಸಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪಾಶ್ಚಾತ್ಯ ದೇಶಗಳಲ್ಲಿ ದ್ರಾಕ್ಷಾಮದ್ಯವನ್ನು ಕೊಳ್ಳತಕ್ಕವರು ಮೈತುಂಬಿದ ರುಚಿಯನ್ನು ಮಿತವಾದ ಬೆಲೆಗೆ ಅರಸುವುದುಂಟು. ಕ್ಯಾಲಿಫೋರ್ನಿಯದಲ್ಲಿ ಹೇರಳವಾಗಿ ಬೆಳೆಯುವ ಜಿನ್‌ಫಾಂಡೆಲ್ ಎಂಬ ಕಪ್ಪು ದ್ರಾಕ್ಷಿಯ ಮದ್ಯವು ಇಂಥ ರುಚಿಗೆ ಹೆಸರಾದುದು. ಚೆನ್ನಾಗಿ ಮಾಗಿದ ಆ ಹಣ್ಣಿನ ಸಕ್ಕರೆಯು ಹುದುಗಿ ಮದ್ಯಸಾರವಾದಾಗ ಅದಕ್ಕೆ ಗಟ್ಟಿತನ ಬರುವುದು. ನೀರಾದ ಧರ್ಮ ಇದಕ್ಕೆ ವಿಪರೀತ. ಸಕ್ಕರೆಯು ಸಕ್ಕರೆಯಾಗಿಯೇ ಉಳಿದರೆ ಅದು ನೀರಾ; ಹುದುಗೆದ್ದರೆ ಹೆಂಡ. ಒಂದರ ಗುಣಕ್ಕೆ ಕಾಲವು ಮಿತ್ರ, ಇನ್ನೊಂದಕ್ಕೆ ಶತ್ರು.

ಇನ್ನೂ ಬಿರಿಯದ ಹೊಂಬಾಳೆಯನ್ನು ಹುರಿಯಿಂದ ಬಿಗಿದು, ಕೆಲವು ದಿವಸ ಹಗುರಾಗಿ ಬಡಿದು ಹದಗೊಳಿಸಿ, ತುದಿಯನ್ನು ತೆಳ್ಳಗೆ ಕೊಯ್ದರೆ ರಸವು ತೊಟ್ಟಿಕ್ಕತೊಡಗುವುದು. ಅದರಲ್ಲಿ ನೂರಕ್ಕೆ ಸುಮಾರು 15 ಭಾಗ ಸಕ್ಕರೆ ಇರುವುದು. ಗಾಳಿಯಲ್ಲಿಯೂ ಪಾತ್ರೆಯಲ್ಲಿಯೂ ಇರುವ ಸೂಕ್ಷ್ಮ ಜೀವಿಗಳು ಕೆಲವೇ ಗಂಟೆಗಳಲ್ಲಿ ಅದನ್ನು ಹುದುಗಿಸಿಬಿಡುವುವು. ಇದನ್ನು ತಡೆಯಲು ಮಡಕೆಯ ಒಳಮೈಗೆ ಸುಣ್ಣ ಬಳಿಯುವುದು ಹಿಂದಿನಿಂದ ಬಂದ ಉಪಾಯ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾದ ಕಾಸರಗೋಡಿನ ಕೇಂದ್ರವು, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೆನಿಸಿರುವುದು, ಮತ್ತೊಂದು ಮಾರ್ಗವನ್ನು ತೋರಿಸಿದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಮರದ ಮೇಲೆಯೇ ಕಟ್ಟಿ, ರಸವು ತೊಟ್ಟಿಕ್ಕಿದ ಕ್ಷಣದಿಂದಲೇ ತಂಪಾಗಿರುವಂತೆ ಮಾಡುವುದು ಅದರ ಕ್ರಮ. ಹೀಗೆ ಪಡೆದ ರಸಕ್ಕೆ ‘ಕಲ್ಪರಸ’ವೆಂದು ಹೆಸರಿಟ್ಟಿದ್ದಾರೆ.

ತಂಪಿನಲ್ಲಿ ಶುಚಿಯಾಗಿ ಸಂಗ್ರಹಿಸಿದ ರಸವು ಜೇನಿನ ಬಣ್ಣದ್ದಾಗಿ, ಸಿಹಿಯಾಗಿ ಇರುವುದು. ಬೆಳ್ಳಗೆ ಕದಡಿ, ನೊರೆಯೆದ್ದು, ಹುಳಿವಾಸನೆ ಬೀರುತ್ತಿದ್ದರೆ ಅದು ಹುದುಗತೊಡಗಿದೆಯೆಂದು ತಿಳಿಯತಕ್ಕದ್ದು. ಅಂಥದನ್ನು ಮಕ್ಕಳಿಗೆ ಕೊಡಬಾರದು. ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು: ಎಷ್ಟು ಹೊತ್ತಿಗೆ ಇಳಿಸಿದುದು? ಯಾವ ಪಾತ್ರೆಯಲ್ಲಿ ಹಿಡಿದುದು? ದಾರಿಯಲ್ಲಿ ತಂಪಾಗಿ ಇಟ್ಟಿದ್ದರೆ? ಸಿಹಿಯೇ ಇದರ ಸಾರವಾದುದರಿಂದ ಮಧುಮೇಹವುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಇನ್ನು ಬೆಲೆಯ ಮಾತು. ರಸವಿಳಿಸಿದ ಹೊಂಬಾಳೆಯು ಕಾಯಿ ಬಿಡುವುದಿಲ್ಲ. ಆದಕಾರಣ ತೋಟದವನು ಆ ಗೊನೆಯ ಕೊಬ್ಬರಿಯನ್ನು ಬಿಟ್ಟುಕೊಟ್ಟಂತಾಯಿತು. 2025ರ ಹಂಗಾಮಿಗೆ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಕನಿಷ್ಠ ಬೆಂಬಲ ಬೆಲೆಯೇ ಕ್ವಿಂಟಲಿಗೆ 12,100 ರೂಪಾಯಿ. ಅದರ ಮೇಲೆ, ಬೆಳಗ್ಗೆಯೂ ಸಂಜೆಯೂ ಮರ ಹತ್ತುವವನ ಕೂಲಿಯುಂಟು, ಮಂಜುಗಡ್ಡೆಯ ವೆಚ್ಚವುಂಟು. ಇವೆಲ್ಲ ಗಿಟ್ಟದಷ್ಟು ಅಗ್ಗವಾದ ನೀರಾದಲ್ಲಿ ನೀರು ಬೆರೆತಿರಬಹುದು, ಇಲ್ಲವೇ ತಂಪನ್ನು ಬಿಟ್ಟಿರಬಹುದು. ದೂರದ ಪಟ್ಟಣದ ಸೀಸೆಗೆ ಸಾಗಣೆಯ ಖರ್ಚೂ ಸೇರುವುದು. ಆದುದರಿಂದ ಒಳ್ಳೆಯದು ಮಿತಬೆಲೆಗೆ ಸಿಕ್ಕುವ ಸ್ಥಳ ತೋಟದ ಸಮೀಪ, ವೇಳೆ ಮುಂಜಾವು.

ಈ ಪಾನೀಯಕ್ಕಾಗಿ ನಮ್ಮ ನಾಡಿನ ರೈತರು ಕಷ್ಟಪಟ್ಟುದನ್ನು ಮರೆಯಲಾಗದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆಯು ಬೇಗನೆ ನಮ್ಮ ತೋಟಗಳಿಗೂ ಹಬ್ಬಿ, ಕಾಯಿಗಳು ಸುರುಟಿ ಸಣ್ಣವಾದುವು. ಕಾಯಿಯ ಆದಾಯ ಕುಗ್ಗಿದಾಗ ನೀರಾ ಇಳಿಸಲು ಅನುಮತಿ ಬೇಕೆಂದು ರೈತರು ಹೋರಾಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ಅನಂತರದ ವರ್ಷಗಳಲ್ಲಿ ನಿಯಮಗಳನ್ನು ತಿದ್ದಿ, ಪರವಾನಗಿಯ ಮೇಲೆ ನೀರಾ ಇಳಿಸಲು ಎಡೆಮಾಡಲಾಯಿತು. ಅಂಥ ಪರವಾನಗಿ ಉಳ್ಳವರಲ್ಲಿಯೇ ಕೊಳ್ಳತಕ್ಕದ್ದು.

ಮನೆಗೆ ತಂದ ನೀರಾ ಮಿಕ್ಕರೆ ಸಂಜೆಯವರೆಗೆ ಹೊರಗಿಡಬೇಡಿರಿ. ಇನ್ನೂ ಸಿಹಿಯಾಗಿರುವಾಗಲೇ ಒಲೆಯ ಮೇಲಿಟ್ಟು ಕೈಯಾಡಿಸುತ್ತ ಕಾಯಿಸಿದರೆ ಪಾಕವಾಗುವುದು. ಇನ್ನಷ್ಟು ಕಾಯಿಸಿದರೆ ಬೆಲ್ಲವಾಗುವುದು. ಏಳೆಂಟು ಲೀಟರಿಗೆ ಸುಮಾರು ಒಂದು ಕಿಲೋ ಬೆಲ್ಲ. ಕೊಟ್ಟ ಹಣವೂ ವ್ಯರ್ಥವಾಗದು, ಹತ್ತಿ ಇಳಿದವನ ಶ್ರಮವೂ ವ್ಯರ್ಥವಾಗದು.