ಹಲ್ಲಿಲ್ಲದ ಕೀಲಿಕೈ

ಅಪ್ಪ-ಮಗಳು ಬೆಳಿಗ್ಗೆ ಕಿತ್ತೂರಿನ ಬಸ್ ನಿಲ್ದಾಣಕ್ಕೆ ಬಂದರೆಂದುಕೊಳ್ಳಿ. ಗಾಡಿ ಓಡಿಸಿದ್ದು ಮಗಳು. ಆಕೆ ಧಾರವಾಡದ ಕಾಲೇಜಿಗೆಂದು ಬಸ್ ಹತ್ತಿದಳು. ಚಾಲೂ ಇದ್ದ ಗಾಡಿಯನ್ನೇ ಅಪ್ಪ ಬೈಲಹೊಂಗಲದ ಪೇಟೆಗೆ ಹೊಡೆದರು. ಅಲ್ಲಿ ಎಂಜಿನ್ ಆರಿಸಿದ ಮೇಲೆ ಗಾಡಿ ಮತ್ತೆ ಚಾಲೂ ಆಗಲೊಲ್ಲದು. ಕೀಲಿಕೈ ಮಗಳ ಬ್ಯಾಗಿನಲ್ಲಿ ಧಾರವಾಡ ಸೇರಿದೆ!

ದುಬಾರಿ ಬೈಕುಗಳಲ್ಲಿ ಮೊದಲೇ ಇದ್ದ ಈ ‘ಸ್ಮಾರ್ಟ್ ಕೀ’ 2023ರಲ್ಲಿ ಹೋಂಡಾ ಆ್ಯಕ್ಟಿವಾಕ್ಕೂ ಬಂತು. ಕೀಲಿಕೈ ಜೇಬಿನಲ್ಲಿದ್ದರೆ ಸಾಕು, ಸುಮಾರು 2 ಮೀಟರ್ ಒಳಗೆ ಗಾಡಿ ಅದನ್ನು ಗುರುತಿಸುತ್ತದೆ. ಗಾಡಿ ರೇಡಿಯೊ ಅಲೆಯಲ್ಲಿ ಪ್ರಶ್ನಿಸುತ್ತದೆ, ಕೀಲಿಕೈ ತನ್ನ ಗುಟ್ಟಿನ ಸಂಕೇತದಿಂದ ಉತ್ತರಿಸುತ್ತದೆ. ಈ ವಿಚಾರಣೆಯೆಲ್ಲ ಚಾಲೂ ಮಾಡುವಾಗ. ಓಡುವ ಗಾಡಿ ನಡುದಾರಿಯಲ್ಲಿ ನಿಂತರೆ ಅಪಾಯ. ಹಾಗಾಗಿ ಕೀಲಿಕೈ ದೂರವಾದರೂ ಎಂಜಿನ್ ನಿಲ್ಲುವುದಿಲ್ಲ.

ಹಲ್ಲೇ ಇಲ್ಲದ ಇದನ್ನು ಸಂತೆಯ ಕೀಲಿ ರಿಪೇರಿಯವರು ಅರದಿಂದ ಉಜ್ಜಿ ಮಾಡಿಕೊಡಲಾರರು. ಹೊಸ ಕೀಲಿಕೈಯನ್ನು ಗಾಡಿಯೊಳಗಿನ ನಿಯಂತ್ರಣ ಪೆಟ್ಟಿಗೆಗೆ ಪರಿಚಯಿಸಬೇಕು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಗಾಡಿ, ಆರ್‌ಸಿ, ಉಳಿದಿರುವ ಕೀಲಿಕೈ ಎಲ್ಲವನ್ನೂ ಒಯ್ಯಿರಿ. ಒಂದಾದರೂ ಕೈಯಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ. ಎರಡೂ ಕಳೆದರೆ ಕೆಲವು ಗಾಡಿಗಳಲ್ಲಿ ಆ ಪೆಟ್ಟಿಗೆಯನ್ನೇ ಬದಲಿಸಬೇಕಾದೀತು. ಖರ್ಚು ಬಲು ಜೋರು.

ಹಾಗೆಂದು ಗಾಡಿ ಚಾಲೂ ಆಗದ ಕೂಡಲೇ ಗಾಬರಿ ಬೇಡ. ಮೊದಲು ಕೀಲಿಕೈಯ 3 ವೋಲ್ಟ್ ಸೆಲ್ ಬದಲಿಸಿ ನೋಡಿ. ನಾಣ್ಯದಂಥ ಆ ಸೆಲ್ ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ಕೀಲಿಕೈ ಬಂತೆಂದು ಅದನ್ನು ಸೀಟಿನಡಿಯ ಡಿಕ್ಕಿಯಲ್ಲೇ ಇಡುವ ಪುಣ್ಯಾತ್ಮರೂ ಇದ್ದಾರೆ. ಅಲ್ಲಿದ್ದರೆ ಯಾರು ಬಂದರೂ ಗಾಡಿ ಚಾಲೂ ಆದೀತು! ಮನೆಯ ತಿಜೋರಿಯಲ್ಲಿಡಿ. ಅದರ ಜೊತೆ ಗುರುತಿನ ಸಂಖ್ಯೆಯ ಚೀಟಿ ಬಂದಿದ್ದರೆ ಅದನ್ನೂ ಜೋಪಾನ ಮಾಡಿ.