ಹಗುರ ಪುಟ, ಸಲೀಸು ಓದು

ಜಗತ್ತಿನ ಮೊದಲ ವೆಬ್‌ಸೈಟನ್ನು ಇಂದಿಗೂ ತೆರೆದು ಓದಬಹುದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಆ ತಾಣ 1991ರಲ್ಲಿ ಹೊರಜಗತ್ತಿಗೆ ಪರಿಚಯವಾಯಿತು. ಅದರ ಆರಂಭದ ಒಂದು ಪ್ರತಿಯನ್ನು ಸರ್ನ್ 2013ರಲ್ಲಿ ಮೂಲ ವಿಳಾಸಕ್ಕೇ ಮರಳಿಸಿತು. ಅದರಲ್ಲಿರುವುದು ಅಕ್ಷರ ಮತ್ತು ಲಿಂಕು, ಅಷ್ಟೇ. ಬ್ರೌಸರಿನ ಕಿಟಕಿಯನ್ನು ಕಿರಿದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಹೊಂದಿಕೊಳ್ಳುತ್ತವೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಲಿಂಕು ಎಂದಷ್ಟೇ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಹೇಳುತ್ತದೆ. ಅಗಲದ ಲೆಕ್ಕವನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಈ ಗುಣ ಫೋನಿನಲ್ಲೂ ಸರಿಯಾಗಿ ಕೆಲಸ ಮಾಡಲು ಪುಟದ ತಲೆಭಾಗದಲ್ಲಿ ‘ವ್ಯೂಪೋರ್ಟ್’ ಎಂಬ ಒಂದು ಸಾಲಿನ ಸೂಚನೆ ಸಾಕು.

ಅಕ್ಷರ ಅಕ್ಷರವಾಗಿಯೇ ಇರಬೇಕು ಎಂಬುದು ಸರಳ ವಿನ್ಯಾಸದ ಮೊದಲ ಪಾಠ. ಕನ್ನಡದಲ್ಲಿ ತಾಣ ಕಟ್ಟುವಾಗ ಎಷ್ಟೋ ಕಡೆ ಎಡವುವುದು ಇಲ್ಲೇ. ಪ್ರಕಟಣೆಯನ್ನು ಡಿಟಿಪಿ ಮಾಡಿಸಿ, ಅದರ ಚಿತ್ರವನ್ನು ಪುಟಕ್ಕೆ ಅಂಟಿಸಿಬಿಡುತ್ತಾರೆ. ಆ ಮಾಹಿತಿ ಹುಡುಕಿದವರಿಗೆ ಸುಲಭವಾಗಿ ಸಿಗದು; ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ತೂಕವೂ ಹೆಚ್ಚು. ಯುನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಹಾಗಿದ್ದೂ 400 ಪದಗಳ ಲೇಖನ ಸುಮಾರು 10ರಿಂದ 12 ಕಿಲೋಬೈಟ್ ಮುಟ್ಟಬಹುದು. ಫೋನಿನಲ್ಲಿ ತೆಗೆದ 3 ಮೆಗಾಬೈಟ್‌ನ ಒಂದೇ ಫೋಟೊ ಅದರ ಇನ್ನೂರು ಪಟ್ಟಿಗೂ ಹೆಚ್ಚು. ಸಿಗ್ನಲ್ ಕ್ಷೀಣವಾದ ಊರಲ್ಲಿ ಓದುಗ ಕಾಯುವುದು ಈ ಫೋಟೊಗಾಗಿ. ಆದ್ದರಿಂದ ಚಿತ್ರ ಬೇಕೇಬೇಕಾದಲ್ಲಿ ಅಳತೆ ತಗ್ಗಿಸಿ, ವೆಬ್‌ಪಿಯಂಥ ಹಗುರ ರೂಪದಲ್ಲಿ ಹಾಕಬೇಕು.

ಇನ್ನು ನಮ್ಮ ಲಿಪಿಯ ವಿಚಾರ. ‘ಸ್ತ್ರೀ’ ಎಂಬುದನ್ನೇ ನೋಡಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ತ, ರ, ನಡುವೆ ಎರಡು ಹಲಂತ ಚಿಹ್ನೆ, ಕೊನೆಗೆ ದೀರ್ಘ ಸ್ವರದ ಗುರುತು ಸೇರಿ 6 ಸಂಕೇತ, 18 ಬೈಟ್. ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುತ್ತವೆ, ಗುಣಿತದ ಗುರುತುಗಳು ಮೇಲೇರುತ್ತವೆ. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಉಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಓದು ತ್ರಾಸವಾಗುತ್ತದೆ. ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಅಂತರ ಕೊಟ್ಟು ನೋಡಿ, ಪುಟ ಉಸಿರಾಡುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟುಗಳು ಈ ಕೆಲಸಕ್ಕೆ ಒದಗುತ್ತವೆ. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ನಮೂದಿಸಿದರೆ ಓದಿ ಹೇಳುವ ತಂತ್ರಾಂಶ ಕನ್ನಡದ ಧ್ವನಿಯನ್ನೇ ಆರಿಸಿಕೊಳ್ಳಬಲ್ಲದು.

ಬಣ್ಣಕ್ಕೂ ಲೆಕ್ಕವಿದೆ. ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರದ ವ್ಯತ್ಯಾಸದ ಅನುಪಾತ 21:1. ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5:1 ಇರಲಿ ಎನ್ನುತ್ತದೆ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ. ತೆಳು ಬೂದು ಅಕ್ಷರ ವಿನ್ಯಾಸಕಾರನ ಹೊಳೆಯುವ ಪರದೆಯಲ್ಲಿ ಚೆಂದ ಕಂಡೀತು; ಬಿಸಿಲಲ್ಲಿ ನಿಂತು ಫೋನ್ ನೋಡುವ ರೈತನಿಗೆ, ಪೊರೆ ಬಂದ ಕಣ್ಣಿನ ಅಜ್ಜಿಗೆ ಅದು ಕಾಣುವುದೇ ಇಲ್ಲ. ಒತ್ತುವ ಗುಂಡಿಗಳೂ ಬೆರಳಿಗೆ ದಕ್ಕುವಷ್ಟು ದೊಡ್ಡದಿರಬೇಕು. ಅದೇ ಮಾರ್ಗಸೂಚಿಯ 2023ರ ಆವೃತ್ತಿ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಕೇಳುತ್ತದೆ. 44 ಇದ್ದರೆ ಇನ್ನೂ ಒಳ್ಳೆಯದು.

ಇದನ್ನೆಲ್ಲ ಕಲಿಯಲು ದುಡ್ಡು ಬೇಕಿಲ್ಲ. ಎಚ್‌ಟಿಎಂಎಲ್ ಮತ್ತು ಪುಟದ ರೂಪ ತಿದ್ದುವ ಸಿಎಸ್‌ಎಸ್ ಪಾಠಗಳು ಎಂಡಿಎನ್ ತಾಣದಲ್ಲಿ ಉಚಿತ. ಕ್ರೋಮ್ ಬ್ರೌಸರಿನ ಒಳಗೇ ಇರುವ ಲೈಟ್‌ಹೌಸ್ ಎಂಬ ಸಾಧನ ಪುಟದ ವೇಗ, ಬಣ್ಣಗಳ ಅನುಪಾತ ಅಳೆದು ಕೊರತೆಗಳನ್ನು ಪಟ್ಟಿ ಮಾಡಿಕೊಡುತ್ತದೆ. ಎನ್‌ವಿಡಿಎ ಎಂಬ, ಓದಿ ಹೇಳುವ ಉಚಿತ ತಂತ್ರಾಂಶದಿಂದ ನಿಮ್ಮ ಪುಟವನ್ನು ಕಿವಿಯಲ್ಲೇ ಓದಿ ನೋಡಬಹುದು.

ಕೊನೆಯ ಪರೀಕ್ಷೆಗೆ ಮಾತ್ರ ಮನುಷ್ಯರೇ ಬೇಕು. ತಾಣವನ್ನು ಹಿಂದೆಂದೂ ನೋಡಿರದ ನಾಲ್ಕೈದು ಜನರ ಕೈಗೆ ಫೋನ್ ಕೊಟ್ಟು, ‘ಅರ್ಜಿ ಹಾಕಲು ಕೊನೆಯ ದಿನ ಯಾವುದು, ಹುಡುಕಿ’ ಎಂದು ಹೇಳಿ ಸುಮ್ಮನಿರಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಬೇಕಾದದ್ದು ಪುಟವನ್ನು.